ಸೋಮವಾರ ಹೂಡುವುದಿಲ್ಲ

ಗೆರೆ ಇವತ್ತು ಏಳಲಿಲ್ಲ. ಒಲೆಯ ಮೇಲಿನ ಹಾಲಿಗೆ ಕಾವಲು ನಿಂತಿದ್ದ ಮಲ್ಲಿಕಾ, ಪಕ್ಕದ ಕಟ್ಟೆಯ ಮೇಲೆ ತೆರೆದಿಟ್ಟಿದ್ದ ಲ್ಯಾಪ್‌ಟಾಪಿನಲ್ಲಿ ಆ ಗೆರೆಯನ್ನೇ ನೋಡುತ್ತ, ಏಳಬೇಡ ಮಾರಾಯಾ, ಮಲಗು, ನಿನಗೆ ಹೇಳುವವರು ಕೇಳುವವರು ಯಾರಿದ್ದಾರೆ ಎಂದು ಮನಸ್ಸಿನಲ್ಲೇ ಬೈದಳು. ನಿನ್ನೆ ಇದೇ ಹೊತ್ತಿಗೆ ನೆಟ್ಟಗೆ ಎದ್ದು ನಿಂತಿತ್ತು. ಮೊನ್ನೆಯೂ ನಿಂತಿತ್ತು. ನಾಳೆಯೂ ನಿಲ್ಲುತ್ತದೆ. ಸೋಮವಾರ ಬಂತೆಂದರೆ ಮಾತ್ರ ಕಾಲು ಚಾಚಿ ಬಿದ್ದುಕೊಳ್ಳುತ್ತದೆ. ಹಾಲು ಉಕ್ಕಿ ಸೀದ ವಾಸನೆ ಮನೆಯೆಲ್ಲ ತುಂಬಿದ ಮೇಲೆ ಗಂಡ ಸುಭಾಸ ಪಡಸಾಲೆಯಿಂದ "ಹಾಲು" ಎಂದು ಕೂಗಿದ. ಅವನಿಗೆ ಯಾವುದೇ ಸಂಗತಿ ತಿಳಿಯುವುದು ಉಕ್ಕಿದ ಮೇಲೆಯೇ. ಅರಿವೆ ತಗೊಂಡು ಕಟ್ಟೆ ಒರೆಸುವಾಗ ಅವಳಿಗೆ ಅಳು ಬಂದಂತಾಯಿತು, ಹಾಲಿಗಲ್ಲ, ಈ ದರಿದ್ರ ಗೆರೆಗೆ.

ಮೂರು ವರ್ಷದಿಂದ ಅವಳ ಕೆಲಸ ಇಂಥ ಗೆರೆಗಳನ್ನು ಕಾಯುವುದು. ಜಗತ್ತಿನಲ್ಲಿ ದೊಡ್ಡ ದೊಡ್ಡ ಕ್ರಿಪ್ಟೊ ನಾಣ್ಯಗಳಿವೆ. ಇದು ಅವುಗಳ ಕಾಲಡಿಯಲ್ಲಿ ಓಡಾಡುವ ಒಂದು ಸಣ್ಣ ನಾಣ್ಯ, ಅದಕ್ಕೊಂದು ಸಣ್ಣ ಜಾಲ. ಎಲ್ಲೆಲ್ಲೋ ಕೂತ ಯಂತ್ರಗಳು ಒಂದು ಲೆಕ್ಕದ ಒಗಟನ್ನು ಬಿಡಿಸಲು ಪೈಪೋಟಿ ಮಾಡುತ್ತವೆ, ಮೊದಲು ಬಿಡಿಸಿದ ಯಂತ್ರದ ಒಡೆಯನಿಗೆ ಹೊಸ ನಾಣ್ಯ. ಇದಕ್ಕೆ ಗಣಿಗಾರಿಕೆ ಎನ್ನುತ್ತಾರೆ. ಹಿಂದಿನ ದಿನ ಎಷ್ಟು ಯಂತ್ರ ದುಡಿದವು ಎಂದು ನೋಡಿಕೊಂಡು ಜಾಲ ತಾನಾಗಿ ಮರುದಿನದ ಒಗಟನ್ನು ಬಿಗಿ ಮಾಡುತ್ತದೆ, ಇಲ್ಲ ಸಡಿಲ ಬಿಡುತ್ತದೆ. ಇದರಲ್ಲಿ ಯಾರಾದರೂ ಕೈಚಳಕ ತೋರಿಸುತ್ತಿದ್ದಾರೆಯೇ ಎಂದು ಕಾಯಲು ನಾಲ್ಕು ಮಂದಿ ಗುತ್ತಿಗೆಯವರು. ಅವರಲ್ಲಿ ಮಲ್ಲಿಕಾ ಒಬ್ಬಳು. ಉಳಿದ ಮೂವರ ಮುಖ ಅವಳು ಕಂಡಿಲ್ಲ, ಹೆಸರು ಗೊತ್ತಿಲ್ಲ. ಪರದೆಯಲ್ಲಿ ಹೆಸರಿನ ಜಾಗಕ್ಕೆ ಒಬ್ಬನ ಚಿತ್ರ ಗೂಬೆ, ಒಬ್ಬನದು ನರಿ, ಇನ್ನೊಬ್ಬರದು ಬರೀ ಕಪ್ಪು ಚೌಕ. ಗೂಬೆಯೇ ಹಿರಿಯ. ಇಲ್ಲಿ ಶಿಗ್ಗಾಂವಿಯಲ್ಲಿ ಯಾರನ್ನಾದರೂ ಗೂಬೆ ಎಂದರೆ ಹೊಡೆದಾಟವಾಗುತ್ತದೆ, ಈ ಮನುಷ್ಯ ತಾನಾಗಿ ಹಾಕಿಕೊಂಡು ಕೂತಿದ್ದಾನೆ. ಸುಭಾಸನನ್ನು ಯಾರಾದರೂ ನಿಮ್ಮ ಮನಿಯವರು ಏನ್ ಮಾಡ್ತಾರ್ರಿ ಎಂದು ಕೇಳಿದರೆ, "ಅಕಿ ಏನೋ ಟೈಪಿಂಗ್ ಮಾಡ್ತಾಳ್ರಿ, ಮನ್ಯಾಗ ಕುಂತು" ಅನ್ನುತ್ತಾನೆ. ಕಾಳಿನ ಅಡತಿ ಅಂಗಡಿಯವನಿಗೆ ಮನೆಯಲ್ಲಿ ಕುಂತು ಮಾಡಿದ್ದೆಲ್ಲ ಅರ್ಧ ಕೆಲಸ. ಆದರೂ ಆ ಅರ್ಧ ಕೆಲಸ ತನ್ನದು. ಅದು ಹೋದರೆ ಒಂದು ಕುಪ್ಪಸದ ಬಟ್ಟೆಗೂ ಅವನ ಮುಂದೆ ನಿಲ್ಲಬೇಕು, ಅವನು ಕೊಡುತ್ತಾನೆ, ಕೊಡುವಾಗ ಏನೂ ಅನ್ನುವುದೂ ಇಲ್ಲ. ಅನ್ನದೆ ಇರುವುದೇ ಅವಳಿಗೆ ಆಗಿಬರುವುದಿಲ್ಲ.

ಈಗ ಆ ಕೆಲಸಕ್ಕೇ ಕುತ್ತು ಬಂದಿತ್ತು. ಈ ಗೆರೆ ಒಬ್ಬ ಗಣಿಗಾರನ ದುಡಿಮೆಯದು, ಅವನು ಒಂದು ವಾರ ಹಗಲು ಮಾತ್ರ ಕಾಣಿಸಿಕೊಳ್ಳುತ್ತಾನೆ, ಮರುವಾರ ರಾತ್ರಿ ಮಾತ್ರ. ಸೋಮವಾರ ಪತ್ತೆಯೇ ಇಲ್ಲ. ಅವನು ಇಲ್ಲದ ಸೋಮವಾರ ಜಾಲ ಬಡವಾಗಿ ಮಂಗಳವಾರದ ಒಗಟು ಸಡಿಲಾಗುತ್ತದೆ. ಮಂಗಳವಾರ ಬಂದವನೇ ನಾಣ್ಯ ಬಾಚಿಕೊಳ್ಳುತ್ತಾನೆ. ಬಹಳ ಯೋಚಿಸಿ ಹೂಡಿದ ದಾಳಿ ಎಂದ ಗೂಬೆ. ಎರಡು ಖಂಡಗಳಲ್ಲಿ ಎರಡು ತಂಡ ಇರಬೇಕು, ಅದಕ್ಕೇ ಹಗಲು ರಾತ್ರಿ ಅದಲುಬದಲು ಎಂದ ನರಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಮಲ್ಲಿಕಾಗೆ ಅದು ಕಣ್ಣಿಗೆ ಬಿದ್ದ ಗಳಿಗೆಯಲ್ಲೇ ತಿಳಿದುಹೋಗಿತ್ತು. ಹೊಲದ ಪಂಪುಗಳಿಗೆ ತ್ರೀಫೇಸ್ ಕರೆಂಟು ಬಿಡುವ ಪಾಳಿ ಅದು, ಒಂದು ವಾರ ಹಗಲು, ಒಂದು ವಾರ ರಾತ್ರಿ. ಈ ಸೀಮೆಯ ಕೂಸಿಗೂ ಗೊತ್ತು. ಸೋಮವಾರ ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ, ಅದೂ ಗೊತ್ತು. ಯಾವನೋ ಪುಣ್ಯಾತ್ಮ ಪಂಪಿನ ತಂತಿಗೆ ಯಂತ್ರ ಸಿಕ್ಕಿಸಿ, ಸೋಮವಾರ ಅದಕ್ಕೂ ಬಿಡುವು ಕೊಡುತ್ತಿದ್ದಾನೆ. ಹೋದ ವಾರ ಎಲ್ಲರೂ ಮಾತಿಗೆ ಕೂತಾಗ ಅವಳು ತನ್ನ ಶಿಗ್ಗಾಂವಿಯ ಇಂಗ್ಲಿಷಿನಲ್ಲಿ ಇದನ್ನು ಹೇಳಿದಳು. ಸೋಮವಾರ ನಮ್ಮಲ್ಲಿ ಎತ್ತುಗಳಿಗೆ ರಜೆ. ಆಮೇಲೆ ನರಿ ಒಂದು ಹಸುವಿನ ಚಿತ್ರ ಹಾಕಿದ. ಕಪ್ಪು ಚೌಕ ಅದಕ್ಕೆ ನಗುವ ಮುಖ ಒತ್ತಿತು. ಅಂದಿನಿಂದ ಅವಳು ಏನು ಬರೆದರೂ, ಮಳೆಯಿಂದ ಇಂಟರ್ನೆಟ್ ಹೋಗಿತ್ತು ಎಂದು ಬರೆದರೂ, ಕೆಳಗೆ ಒಂದು ಹಸು ಬಂದು ನಿಲ್ಲುತ್ತದೆ. ಆ ಹಸುವನ್ನು ನೋಡಿದಾಗಲೆಲ್ಲ ಅವಳ ಕಿವಿ ಬಿಸಿಯಾಗುತ್ತದೆ.

ಹೇಳದೆ ಉಳಿದದ್ದು ಇನ್ನೊಂದಿತ್ತು. ಆ ಪುಣ್ಯಾತ್ಮ ಯಾರೆಂದು ಈಗ ಅವಳಿಗೆ ಗೊತ್ತಿತ್ತು. ಹಂಸಭಾವಿಯ ಆಚೆ ಹಳ್ಳಿಯಲ್ಲಿರುವ ಅಕ್ಕ ಸವಿತಾ ಫೋನಿನಲ್ಲಿ ಮಾತಾಡುತ್ತ ಮಾತಾಡುತ್ತ "ಕರೆಂಟ್ ಬಂತ, ಇಡ್ತೇನಿ" ಎಂದು ಇಟ್ಟುಬಿಡುವ ಹೊತ್ತಿಗೂ ಗೆರೆ ಏಳುವ ಹೊತ್ತಿಗೂ ತಾಳೆಯಾಗುತ್ತದೆ ಎಂದು ಮೊದಲು ಅನ್ನಿಸಿದಾಗ, ಆ ಪಾಳಿ ಎಷ್ಟು ಊರಿಗಿಲ್ಲ ಎಂದು ತಳ್ಳಿಹಾಕಿದ್ದಳು. ಆದರೆ ಹದಿನೈದು ದಿನದ ಹಿಂದೆ ಗೆರೆ ಇದ್ದಕ್ಕಿದ್ದಂತೆ ಬಿದ್ದು ಮೂರ್ನಾಲ್ಕು ದಿನ ಏಳಲೇ ಇಲ್ಲ. ಅದೇ ದಿನ ಸವಿತಾ ಫೋನ್ ಮಾಡಿ, "ನಮ್ಮ ಟಿ.ಸಿ. ಸುಟ್ಟೈತಿ, ನಿಮ್ಮ ಮಾವ ಚಿಂತಿ ಹಚ್ಚಿಗೊಂಡ ಕುಂತಾರ, ಹೊಲ ಒಣಗಿದ್ರೂ ಇಷ್ಟ ಚಿಂತಿ ಮಾಡಿದ್ದಿಲ್ಲ" ಎಂದಿದ್ದಳು. ಹೊಸ ಟ್ರಾನ್ಸ್‌ಫಾರ್ಮರ್ ಕೂಡಿಸಿದ ಸಂಜೆ ಗೆರೆ ಎದ್ದಿತು. ಅಕ್ಕನ ಗಂಡ ಮಾಲತೇಶ ಎರಡು ವರ್ಷದ ಹಿಂದೆ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಅವಳ ಕೆಲಸದ ಬಗ್ಗೆ ಕೆದಕಿ ಕೆದಕಿ ಕೇಳಿದ್ದು ಆಗ ನೆನಪಾಯಿತು. ಮನೆಯವರಲ್ಲಿ ಅವಳ ಕೆಲಸದ ಬಗ್ಗೆ ಕುತೂಹಲ ತೋರಿಸಿದವನು ಅವನೊಬ್ಬನೇ ಎಂದು ಆವತ್ತು ಎಷ್ಟು ಹಿಗ್ಗಿದ್ದಳು.

ಬೆಳಿಗ್ಗೆ ಗೂಬೆಯ ಸಂದೇಶ ಬಂದಿತ್ತು. ಇವತ್ತು ಸಂಜೆಯೊಳಗೆ ನಿಜವಾದ ಕಾರಣ ಬರೆದು ಕೊಡು. ಹಸುವಿನ ಕತೆ ಬೇಡ. ಇಲ್ಲವಾದರೆ ಅವನು ದಾಳಿಕೋರ ಎಂದು ನಾವೇ ಮುದ್ರೆ ಒತ್ತುತ್ತೇವೆ, ಆಮೇಲೆ ಅವನ ನಾಣ್ಯಗಳನ್ನು ಯಾರೂ ಕೊಳ್ಳುವುದಿಲ್ಲ, ಮುಂದಿನ ತಿಂಗಳಿಂದ ನಿನ್ನ ಜಾಗಕ್ಕೂ ಬೇರೆಯವರನ್ನು ನೋಡುತ್ತೇವೆ. ಹಾಲಿನ ಪಾತ್ರೆ ತಿಕ್ಕುತ್ತ ಅವಳು ಒಂದು ದಾರಿ ಕಂಡುಕೊಂಡಳು. ದೋಷವೆಲ್ಲ ಸೋಮವಾರದ್ದು. ಯಂತ್ರ ಸೋಮವಾರವೂ ಓಡಿದರೆ ಮಂಗಳವಾರದ ಬಾಚಿಕೊಳ್ಳುವಿಕೆ ಇಲ್ಲ, ಸಂಶಯಕ್ಕೆ ಬುಡವೇ ಇಲ್ಲ. ಇವತ್ತು ಒಂದು ದಿನ ಗೆರೆ ಎದ್ದರೆ ಸಾಕು, ಇದೊಂದು ಸಾದಾ ಏರಿಳಿತ, ತಾನಾಗಿ ಸರಿಹೋಯಿತು ಎಂದು ಬರೆದು ಕಡತ ಮುಚ್ಚಬಹುದು. ಅಕ್ಕನ ಮನೆಯೂ ಉಳಿಯಿತು, ತನ್ನದೂ ಉಳಿಯಿತು. ಫೋನಿನಲ್ಲಿ ಹೇಳುವ ಮಾತಲ್ಲ. ಸೀರೆ ಬದಲಿಸುತ್ತಿದ್ದವಳನ್ನು ಸುಭಾಸ ನೋಡಿದ.

"ಎಲ್ಲಿಗೆ?"

"ಅಕ್ಕನ ಊರಿಗೆ."

"ಸೋಮವಾರ ಏನೈತಿ ಅಲ್ಲಿ?"

"ಏನೂ ಇಲ್ಲಂತನ ಹೊಂಟೇನಿ," ಎಂದಳು. ಅವನು ಬುತ್ತಿಯ ಡಬ್ಬಿ ಕಟ್ಟಿದ್ದಾಳೋ ಇಲ್ಲವೋ ಎಂದು ಕಟ್ಟೆಯ ಕಡೆ ನೋಡಿದ. ಕಟ್ಟಿದ್ದಳು.

ಹಾವೇರಿಯಲ್ಲಿ ಇಳಿದು ಹಿರೇಕೆರೂರಿನ ಬಸ್ಸು ಹಿಡಿದಾಗ ಕೂಡಲು ಜಾಗವಿರಲಿಲ್ಲ. ಹೆಂಗಸರಿಗೆ ಪುಕ್ಕಟೆ ಎಂದಾದಮೇಲೆ ಕಂಡಕ್ಟರು ಆಧಾರ ಕಾರ್ಡು ಕೇಳುವ ಧಾಟಿಯೇ ಬೇರೆ. "ತಗೀರಿ ಲಗೂನ, ಫೋಟೋ ನೋಡಿ ಏನ್ ಮಾಡೋದೈತಿ, ಯಾರದೂ ಹೋಲಾಂಗಿಲ್ಲ" ಎಂದಾಗ ಸುತ್ತಲಿನವರು ನಕ್ಕರು, ಅವಳೂ ನಕ್ಕಳು, ನಕ್ಕದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಎಲ್ಲ ಕಡೆಯೂ ಹೀಗೆ ನಗುವ ಮುಖ ಒತ್ತಿ ಒತ್ತಿ ತನಗೆ ಸಾಕಾಗಿದೆ. ಕಿಟಕಿಯಾಚೆ ಗೋವಿನಜೋಳ ಎದೆಮಟ್ಟ ನಿಂತಿತ್ತು. ಅಪ್ಪ ಹೊಳಬಸಪ್ಪ ಬಿತ್ತುತ್ತಿದ್ದದ್ದು ಬಿಳಿಜೋಳ. ಒಂದು ವರ್ಷ ಹದವಾದ ಮಳೆ ಬಿದ್ದು ಬೆಳಗಾದರೆ ಸೋಮವಾರ, ಊರಿನವರೆಲ್ಲ ಕೂರಿಗೆ ಹೊತ್ತುಕೊಂಡು ಹೊರಟರು, ಹದ ತಪ್ಪಿದರೆ ಯಾವ ದೇವರು ಬಂದು ಬಿತ್ತುತ್ತಾನೆ ಎಂದು ಅವ್ವ ಅಂಗಳದಲ್ಲಿ ನಿಂತು ಬೈಯುತ್ತಿದ್ದಳು. ಅಪ್ಪ ಎತ್ತುಗಳ ಮೈ ತಿಕ್ಕುತ್ತ ಕೂತಿದ್ದ. ಭಕ್ತಿಯಿಂದಲ್ಲ, ಅವನಿಗೂ ರೇಗಿತ್ತು, ತಿಕ್ಕುವ ಕೈಯಲ್ಲೇ ಅದು ಕಾಣುತ್ತಿತ್ತು. "ನನಗೂ ಗೊತ್ತೈತಿ ಹದ ಹೋಗ್ತೈತಿ ಅಂತ," ಎಂದ, "ಆದ್ರ ಇವಕ್ಕ ನಾ ಏನಂತ ಹೇಳ್ಲಿ? ಇವತ್ತೊಂದಿನ ನಡೀರಿ ಅಂತ ಹೇಳಿದ್ರ, ಮುಂದಿನ ವಾರ ಸೋಮವಾರ ಅಂದ್ರ ನಂಬ್ತಾವೇನು?" ಮಲ್ಲಿಕಾಗೆ ಆಗ ಏಳೋ ಎಂಟೋ. ಎತ್ತಿಗೆ ವಾರ ತಿಳಿಯುತ್ತದೆ ಎಂದು ಬಹಳ ವರ್ಷ ನಂಬಿದ್ದಳು. ಅಂಥವನ ಮಗಳು ಈಗ ಸೋಮವಾರ ಹೂಡಿರಿ ಎಂದು ಹೇಳಲು ಟಿಕೆಟ್ಟಿಲ್ಲದ ಬಸ್ಸಿನಲ್ಲಿ ನಿಂತು ಹೋಗುತ್ತಿದ್ದಾಳೆ. ಯಂತ್ರ ಅದು, ಎತ್ತಲ್ಲ, ತಗಡು, ತಂತಿ, ಫ್ಯಾನು, ಎಂದು ತನಗೆ ತಾನೇ ಹೇಳಿಕೊಂಡಳು, ಹಂಸಭಾವಿ ಬರುವವರೆಗೂ ಹೇಳಿಕೊಂಡಳು.

ಟಂಟಂ ಆಟೋ ಇಳಿದು ಓಣಿಯಲ್ಲಿ ನಡೆದು ಬಂದ ತಂಗಿಯನ್ನು ಕಂಡು ಸವಿತಾ ಬಾಗಿಲಲ್ಲೇ ಗಾಬರಿಯಾದಳು. "ಯಾಕ, ಜಗಳಾ ಮಾಡಿಯೇನು?" ಎಂದದ್ದೇ ಮೊದಲ ಮಾತು. ಹೆಣ್ಣುಮಕ್ಕಳು ಹೇಳದೆ ಬಂದರೆ ಜಗಳವೇ ಆಗಿರಬೇಕು. ಮಾಲತೇಶ ಹೋದ ಹಂಗಾಮಿನ ಗೋವಿನಜೋಳ ಹೇರಿಕೊಂಡು ಹಿರೇಕೆರೂರಿಗೆ ಹೋಗಿದ್ದ, ಸಂಜೆಗೆ ಬರುವವನು, ಫೋನು ಹತ್ತುತ್ತಿರಲಿಲ್ಲ. ದನವಿಲ್ಲದ ದನದ ಮನೆಗೆ ಕೀಲಿ ಬಿದ್ದದ್ದನ್ನು ಕಂಡ ಮಲ್ಲಿಕಾ ಚಪ್ಪಲಿ ಬಿಡುವ ಮೊದಲೇ ಕೇಳಿಬಿಟ್ಟಳು.

"ಅಕ್ಕಾ, ದನದ ಮನ್ಯಾಗ ಏನಿಟ್ಟೀರಿ?"

ಸವಿತಾಳ ಮುಖ ಬಿಳುಚಿತು. "ಕರೆಂಟಿನವರು ಏನರ ಅಂದ್ರೇನು? ನಾ ಮೊದಲ ಹೇಳಿದ್ದೆ ಇವರಿಗೆ, ಪಂಪಿನ ಲೈನಿಗೆ ಬ್ಯಾಡ್ರಿ ಅಂತ. ಇದೂ ನಿನ್ನ ಕೆಲಸದಂಥಾದ್ದ ಅಂತ, ಆದ್ರ ನಿನಗ ಹೇಳೋದ ಬ್ಯಾಡ, ನಾವೂ ಒಂದ್ ಕೈ ನೋಡೂಣು ಅಂದ್ರು." ದನಿ ಇಳಿಸಿ, "ನನಗಂತೂ ಸಾಕಾಗೇತಿ ಮಲ್ಲಿ. ತಾಯಿ ಮಗನ ನಡುವ ಸೋಮವಾರಕ್ಕೊಮ್ಮೆ ಮಹಾಯುದ್ಧ," ಎಂದಳು.

ಯುದ್ಧದ ಕಾರಣ ಮಾಲತೇಶನ ಬಾಯಿಯೇ. ಎತ್ತು ಮಾರಿ ಬಂದ ದುಡ್ಡಿಗೆ ಯಾರೋ ಬಳಸಿ ಬಿಟ್ಟ ಯಂತ್ರಗಳನ್ನು ತಂದು ಅವೇ ಎತ್ತು ಕಟ್ಟುತ್ತಿದ್ದ ಜಾಗದಲ್ಲಿ ಸಾಲಾಗಿ ಇಟ್ಟಾಗ ಅವನ ತಾಯಿ ಮುದಕವ್ವ ಎರಡು ದಿನ ಊಟ ಬಿಟ್ಟಿದ್ದಳಂತೆ. ಅವಳನ್ನು ಒಲಿಸಲು ಅವನು, "ಅವ್ವಾ, ಇವೂ ಎತ್ತ ಅಂತ ತಿಳಕೋ, ಎತ್ತಿನಕಿಂತ ಹೆಚ್ಚ ದುಡಿತಾವ" ಎಂದು ಅರಿಷಿಣ ಕುಂಕುಮ ಹಚ್ಚಿಸಿ ಕಾಯಿ ಒಡೆಸಿದ್ದ. ಮುದುಕಿ ಅದನ್ನು ಹಾಗೇ ತಿಳಿದುಕೊಂಡಳು. ಮೊದಲ ಸೋಮವಾರ ಬಂದಾಗ ಎದ್ದು ಹೋಗಿ ಸ್ವಿಚ್ಚು ಕೆಳಗೆ ಎಳೆದು, ಬಾಗಿಲಿಗೆ ಕೀಲಿ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೊಲ ಮನೆ ಅವಳ ಹೆಸರಿನಲ್ಲಿವೆ. ಮಗ ಕೂಗಾಡಿದ, ಕಾಲಿಗೆ ಬಿದ್ದ, ಮಾತು ಬಿಟ್ಟ. ಕೀಲಿ ಸೊಂಟ ಬಿಟ್ಟು ಬರಲಿಲ್ಲ. ಖಂಡಾಂತರದ ಕುತಂತ್ರ ಎಂದು ಮೂರು ತಿಂಗಳು ತಲೆ ಕೆರೆದುಕೊಂಡ ಗೂಬೆಗೆ ಇದನ್ನು ಯಾವ ಭಾಷೆಯಲ್ಲಿ ಬರೆಯುವುದು ಎಂದು ಮಲ್ಲಿಕಾಗೆ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಮುದಕವ್ವ ಹಿತ್ತಲ ಕಟ್ಟೆಯ ಮೇಲೆ ಕಾಲು ನೀಡಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. "ಬಾರವ್ವ, ಕುಂದ್ರು," ಎಂದು ಮೊರವನ್ನು ನಡುವೆ ಸರಿಸಿದಳು. ಮಲ್ಲಿಕಾ ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತೆಲ್ಲ ಅಲ್ಲೇ ಚದುರಿತು. ಒಗಟು, ಜಾಲ, ದಾಳಿಯ ಮುದ್ರೆ ಎಂದು ಏನೇನೋ ಹೇಳಿ, ಹೇಳಿದ್ದು ತನಗೇ ಅರ್ಥವಾಗದೆ, ಕೊನೆಗೆ, "ಅತ್ತಿ, ಇವತ್ತೊಂದಿನ ಅವನ್ನ ಚಾಲೂ ಮಾಡ್ಬೇಕ್ರಿ," ಎಂದಳು.

"ಇವತ್ತ ಸೋಮವಾರ."

"ಹೌದ್ರಿ, ಅದಕ್ಕ."

ಮುದಕವ್ವ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಮಾಲತೇಶ ಕಳಿಸ್ಯಾನೇನು ನಿನ್ನ?"

"ಇಲ್ರೀ. ಅವರಿಗೆ ನಾ ಬಂದದ್ದ ಗೊತ್ತಿಲ್ಲ."

"ನೀ ಶಾಣ್ಯಾಕಿ, ಓದಿದಾಕಿ. ನಿನಗ ಹೇಳ್ತೇನಿ ಕೇಳು. ಅವು ಯಂತ್ರ ಅಂತ ನನಗೂ ಗೊತ್ತೈತಿ. ನಾ ಏನ್ ಹುಚ್ಚಿ ಅಲ್ಲ. ಆದ್ರ ಕೊಟಗ್ಯಾಗ ನಿಂತು ಮನಿಗೆ ದುಡಿದು ಹಾಕ್ತಾವ ಅಂದಮ್ಯಾಲೆ ಅವಕ್ಕ ಒಂದ್ ದಿನ ಬಿಡಬೇಕೋ ಬ್ಯಾಡೋ? ಅವು ಕೇಳಂಗಿಲ್ಲ ಅಂತ ನಾವು ಕೊಡದನ ಇರೋದೇನು? ಎತ್ತುಗಳಾದ್ರೂ ಎಲ್ಲಿ ಕೇಳ್ತಿದ್ವು?" ಇನ್ನೊಂದು ಕಾಯಿ ಎತ್ತಿಕೊಂಡು, "ನಿನಗ ಯಾವ ವಾರ ಬಿಡುವು?" ಎಂದಳು.

"ನನಗ ವಾರ ಇಲ್ರಿ," ಎಂದಳು ಮಲ್ಲಿಕಾ. ದನಿ ಒರಟಾಗಿ ಬಂತು. ಇಂಥ ಪ್ರಶ್ನೆ ಯಾರೂ ಕೇಳಬಾರದು, ಅದರಲ್ಲೂ ಕೆಲಸ ಕೆಡುವ ಹೊತ್ತಿನಲ್ಲಿ. ಮುದುಕಿಗೇನು, ಕೀಲಿ ಸಿಕ್ಕಿಸಿಕೊಂಡು ಕೂತಿದ್ದಾಳೆ. ಅವಳ ಸೋಮವಾರಕ್ಕೆ ಇಡೀ ಜಗತ್ತು ತಲೆಕೆಳಗಾಗಬೇಕು. ಬಿಸಿಲು ಹಿತ್ತಲ ಗೋಡೆ ದಾಟುತ್ತಿತ್ತು. ತ್ರೀಫೇಸ್ ಇನ್ನು ಎರಡು ತಾಸು ಇದ್ದರೆ ಹೆಚ್ಚು. ಕಣ್ಣಲ್ಲಿ ನೀರು ತುಂಬಿಕೊಂಡಿತು, ಅದನ್ನು ಅವಳು ತಡೆಯಲೂ ಹೋಗಲಿಲ್ಲ. "ಇವತ್ತ ಅವು ಚಾಲೂ ಆಗ್ಲಿಲ್ಲಂದ್ರ ನನ್ನ ನೌಕರಿ ಹೋಗ್ತೈತ್ರಿ ಅತ್ತಿ. ನಿಮ್ಮ ಮಗ ಗಳಿಸಿದ್ದೂ ಹೋಗ್ತೈತಿ. ನನಗ ಬ್ಯಾರೆ ಏನೂ ಇಲ್ರಿ, ಇದೊಂದ ನಂದು."

ಮುದಕವ್ವನ ಕೈ ಆಗ ನಿಂತಿತು. ಮಗನ ಕೂಗಾಟಕ್ಕೆ, ಕಾಲಿಗೆ ಬಿದ್ದದ್ದಕ್ಕೆ, ಮಾತು ಬಿಟ್ಟದ್ದಕ್ಕೆ ಬಗ್ಗದವಳು ಮಲ್ಲಿಕಾಳ ಮುಖವನ್ನು ಒಂದು ಗಳಿಗೆ ನೋಡಿದಳು. ಸೊಂಟಕ್ಕೆ ಕೈ ಹಾಕಿ ಕೀಲಿ ತೆಗೆದಳು. "ಇದನ್ನ ಮೊದಲ ಹೇಳಬಾರದಾ? ಒಗಟಂತ, ಜಾಲಂತ. ಹೆಣ್ಣಮಗಳ ಕೈಯಾಗಿನ ದುಡಿಮಿ ಹೋಗೋದಂದ್ರ ನನಗ ತಿಳಿಯಂಗಿಲ್ಲೇನು?" ಎದ್ದಳು. ಮೊಣಕಾಲು ಹಿಡಿದುಕೊಂಡು ಮುಂದೆ ನಡೆದಳು. "ಆದ್ರ ಸ್ವಿಚ್ಚ ನಾ ಹಾಕಂಗಿಲ್ಲ. ನೀನ ಹಾಕು."

ದನದ ಮನೆಯ ಕತ್ತಲೆಯಲ್ಲಿ ಇನ್ನೂ ಸೆಗಣಿಯ ಹಳೆಯ ವಾಸನೆ ಇತ್ತು. ಮೇವು ಹಾಕುತ್ತಿದ್ದ ಗೋದಲಿಯ ಮೇಲೆ ಹಲಗೆ ಹಾಸಿ ಯಂತ್ರಗಳನ್ನು ಸಾಲಾಗಿ ಇಟ್ಟಿದ್ದರು, ಒಂದೊಂದರ ಮೇಲೂ ಒಣಗಿದ ಕುಂಕುಮ. ಗೋಡೆಯ ಸ್ವಿಚ್ಚನ್ನು ಮಲ್ಲಿಕಾ ಎರಡೂ ಕೈಯಿಂದ ಮೇಲೆ ತಳ್ಳಿದಳು. ಒಂದು ಫ್ಯಾನು ಕೆಮ್ಮಿತು, ಇನ್ನೊಂದು ಹತ್ತಿತು, ಆಮೇಲೆ ಎಲ್ಲ ಒಟ್ಟಿಗೆ ಹತ್ತಿ ಮಾತು ಕೇಳದಷ್ಟು ಸದ್ದಾಯಿತು. ಮುದಕವ್ವ ಹೊಸ್ತಿಲ ಹೊರಗೇ ನಿಂತಿದ್ದಳು. ಕೈ ಚಾಚಿ ಹತ್ತಿರದ ಯಂತ್ರವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಅದನ್ನು ನೋಡಿ ಮಲ್ಲಿಕಾಗೆ ನಾಚಿಕೆಯಾಯಿತು. ಬೆವರಿನ ಬೆರಳಿಗೆ ಫೋನಿನ ಪರದೆ ಎರಡು ಸಲ ಜಾರಿ ಮೂರನೆಯ ಸಲ ತೆರೆಯಿತು. ತುಸು ಹೊತ್ತು ಏನೂ ಇಲ್ಲ. ಆಮೇಲೆ ಗೆರೆ ಅಲುಗಿ, ಮೆಲ್ಲಗೆ, ಎದ್ದಿತು. ಸೋಮವಾರ ಎದ್ದು ನಿಂತಿತು. ಎಷ್ಟೋ ದಿನದ ಮೇಲೆ ಅವಳು ಒಂದು ಪೂರಾ ಉಸಿರು ಬಿಟ್ಟಳು, ಅಲ್ಲೇ ಗೋದಲಿಗೆ ಒರಗಿ ತಾನು ಬರೆಯಬೇಕಾದ ವರದಿಯ ಮೊದಲ ಸಾಲನ್ನು ಮನಸ್ಸಿನಲ್ಲೇ ಜೋಡಿಸತೊಡಗಿದಳು.

ಅದನ್ನು ಜೋಡಿಸುವಷ್ಟರಲ್ಲಿ ಸಂದೇಶಗಳು ಬಂದವು. ನೋಡಿ, ಎದ್ದ ಎಂದು ಬರೆದಿದ್ದ ನರಿ. ಮೂರು ತಿಂಗಳಲ್ಲಿ ಮೊದಲ ಸೋಮವಾರ, ಅದೂ ನಾವು ಮುದ್ರೆ ಒತ್ತುವ ದಿನವೇ. ಗೂಬೆಯ ಸಂದೇಶ ಉದ್ದವಾಗಿತ್ತು. ನಾವು ಕಾಯುತ್ತಿರುವುದು ಅವನಿಗೆ ಗೊತ್ತಾಗಿದೆ. ಸೋಮವಾರದಿಂದಲೇ ಸಿಕ್ಕಿಬೀಳುತ್ತಾನೆ ಎಂಬುದೂ ಗೊತ್ತಾಗಿದೆ. ಇದು ತಿಳಿದವರು ನಾವು ನಾಲ್ವರೇ. ನಮ್ಮೊಳಗಿನವರೇ ಅವನಿಗೆ ಹೇಳಿದ್ದಾರೆ. ಯಾರು ಎಂದು ತಿಳಿಯುವವರೆಗೆ ಯಾರೂ ಕೆಲಸ ಮುಟ್ಟಬೇಡಿ. ಕಪ್ಪು ಚೌಕ, ಅದು ತಾನಲ್ಲ, ತಾನು ಎರಡು ಮಕ್ಕಳ ತಾಯಿ ಎಂದು ಬರೆಯಿತು. ಅದೊಂದು ಹೆಂಗಸು ಎಂದು ಮಲ್ಲಿಕಾಗೆ ಆಗ ತಿಳಿಯಿತು. ಯಾರೂ ಹಸುವಿನ ಚಿತ್ರ ಹಾಕಲಿಲ್ಲ.

ಸ್ವಿಚ್ಚು ಇಳಿಸಲೇ ಎಂದು ಕೈ ಹೋಯಿತು. ಇಳಿಸಿದರೆ ಇನ್ನೂ ಅನುಮಾನ, ಬಿಟ್ಟರೂ ಅನುಮಾನ. ಇಷ್ಟು ಸಣ್ಣ ಸಂಗತಿ ತನಗೆ ಮೊದಲೇ ಹೊಳೆಯಲಿಲ್ಲವಲ್ಲ. ಬೇರೆಯವರ ಕೈಚಳಕ ಹಿಡಿಯುವುದೇ ಹೊಟ್ಟೆಪಾಡಾಗಿದ್ದವಳು ತನ್ನ ಕೈಯನ್ನು ತಾನೇ ಅವರಿಗೆ ತೋರಿಸಿಬಿಟ್ಟಿದ್ದಳು. ಸುಮ್ಮನಿದ್ದರೆ ನಡೆಯುತ್ತದೆಯೇ? ನಾಲ್ವರಲ್ಲಿ ಯಾರು ಎಂದು ಅವರು ತಿಂಗಳುಗಟ್ಟಲೆ ಹುಡುಕುತ್ತಾರೆ, ಆ ಎರಡು ಮಕ್ಕಳ ತಾಯಿಯನ್ನೂ ಹುಡುಕುತ್ತಾರೆ. ಅವಳು ಬರೆದಳು. ಹೇಳಿದ್ದು ನಾನು. ಯಂತ್ರಗಳು ನನ್ನ ಅಕ್ಕನ ದನದ ಮನೆಯಲ್ಲಿವೆ, ನಾನು ಈಗ ಅಲ್ಲೇ ನಿಂತಿದ್ದೇನೆ, ಇವತ್ತು ಹಚ್ಚಿದ್ದು ನನ್ನ ಕೈ. ಅವರು ದಾಳಿಕೋರರಲ್ಲ. ಸೋಮವಾರ ಹೂಡುವುದಿಲ್ಲ, ಅಷ್ಟೇ. ಓದಿ ನೋಡದೆ ಕಳಿಸಿದಳು. ಗೂಬೆ ಏನನ್ನೋ ಬರೆಯುತ್ತಿರುವ ಗುರುತು ಕಾಣಿಸಿತು, ನಿಂತಿತು, ಮತ್ತೆ ಕಾಣಿಸಿತು. ಆಮೇಲೆ ಪರದೆ ಖಾಲಿಯಾಗಿ, ನಿಮಗೆ ಇಲ್ಲಿ ಪ್ರವೇಶವಿಲ್ಲ ಎಂಬ ಒಂದು ಸಾಲು ಉಳಿಯಿತು.

ಫ್ಯಾನುಗಳ ಸದ್ದಿನಲ್ಲಿ ಮುದಕವ್ವ ಹೊಸ್ತಿಲಿಂದ ಏನೋ ಕೇಳಿದಳು. ಕೇಳಿಸಲಿಲ್ಲ. ಮುದುಕಿ ಸೆರಗು ಎತ್ತಿ ಹಿಡಿದು ಒಳಗೆ ಬಂದು, ಅವಳ ತೋಳು ಹಿಡಿದು, ಕಿವಿಯ ಹತ್ತಿರ ಬಾಯಿ ತಂದು ಮತ್ತೆ ಕೂಗಿದಳು.

"ಉಳೀತೇನವ್ವ ನೌಕರಿ?"

ಮಲ್ಲಿಕಾ ಫೋನನ್ನು ಸೆರಗಿನೊಳಗೆ ತೆಗೆದುಕೊಂಡಳು.

"ಉಳೀತ್ರಿ ಅತ್ತಿ," ಎಂದಳು.